ಸಂಪಾದಕರ ಉತ್ತರ: ಹತ್ತಕ್ಕೆ ಮೂರು

ಗದಗಿನಿಂದ ನಿವೃತ್ತ ಗಣಿತ ಶಿಕ್ಷಕರೊಬ್ಬರು ಬರೆದ ಪತ್ರ ಹೀಗಿದೆ: “ಮಾನ್ಯ ಸಂಪಾದಕರಿಗೆ ನಮಸ್ಕಾರಗಳು. 2025ರ ಮಾರ್ಚ್ ಸಂಚಿಕೆಯಲ್ಲಿ ಆಸ್ಕರ್ ಪ್ರಶಸ್ತಿಗಳ ಬಗ್ಗೆ ತಾವು ಬರೆದ ವಿನೋದದ ಭವಿಷ್ಯವನ್ನು ಓದಿ ಎತ್ತಿಟ್ಟುಕೊಂಡಿದ್ದೆ. ಫಲಿತಾಂಶ ಬಂದ ಮೇಲೆ ಕೆಂಪು ಪೆನ್ನು ಹಿಡಿದು ಮೌಲ್ಯಮಾಪನ ಮಾಡಿದೆ. ಹತ್ತಕ್ಕೆ ಮೂರು ಸರಿ. ನೂರಕ್ಕೆ ಮೂವತ್ತು, ಅಂದರೆ ನಪಾಸು. ಅಮೆರಿಕದ ನಿರ್ಮಾಪಕರ ಸಂಘವೂ ನಿರ್ದೇಶಕರ ಸಂಘವೂ ಮೊದಲೇ ಕೊಟ್ಟಿದ್ದ ಪ್ರಶಸ್ತಿಗಳನ್ನು ಕೂಡಿಸಿ ನೋಡಿದ್ದರೆ ‘ಅನೋರಾ’ ಅತ್ಯುತ್ತಮ ಚಿತ್ರವಾಗಿ ಗೆಲ್ಲುವುದು ಯಾರಿಗಾದರೂ ತಿಳಿಯುತ್ತಿತ್ತು. ತಾವೇ ಒಪ್ಪಿಕೊಂಡಂತೆ ಅರ್ಧಕ್ಕಿಂತ ಹೆಚ್ಚು ಚಿತ್ರಗಳನ್ನು ತಾವು ನೋಡಿಯೂ ಇಲ್ಲ. ಎರಡು ಪುಟ ಕಾಗದವನ್ನು ಹೀಗೆ ಹಾಳು ಮಾಡುವ ಬದಲು ಲೆಕ್ಕ ಬಲ್ಲವರಿಂದ ಬರೆಸಬಾರದೇ?”

ಮಾಸ್ತರರೇ, ತಮ್ಮ ಕೆಂಪು ಪೆನ್ನಿಗೆ ನಮಸ್ಕಾರ. ಲೆಕ್ಕ ಸರಿಯಾಗಿದೆ; ಮರುಎಣಿಕೆಗೆ ಅರ್ಜಿ ಹಾಕುವ ಧೈರ್ಯ ನನಗಿಲ್ಲ. ನಿರ್ಮಾಪಕರ ಸಂಘದ ಮಾತನ್ನು ತಾವು ಎತ್ತಿದ್ದೂ ಯೋಗ್ಯವೇ. ಆ ಸಂಘವೂ ಆಸ್ಕರ್ ಅಕಾಡೆಮಿಯೂ ಅತ್ಯುತ್ತಮ ಚಿತ್ರವನ್ನು ಆರಿಸುವುದು ಪ್ರಾಶಸ್ತ್ಯದ ಮತದಿಂದ. ಮತದಾರನು ಹತ್ತು ಚಿತ್ರಗಳಿಗೆ ಒಂದು, ಎರಡು, ಮೂರು ಎಂದು ಕ್ರಮ ಕೊಡುತ್ತಾನೆ. ಮೊದಲ ಪ್ರಾಶಸ್ತ್ಯ ಅತಿ ಕಡಿಮೆ ಬಂದ ಚಿತ್ರವನ್ನು ತೆಗೆದುಹಾಕಿ, ಅದರ ಮತಗಳನ್ನು ಮುಂದಿನ ಪ್ರಾಶಸ್ತ್ಯದ ಚಿತ್ರಗಳಿಗೆ ಹಂಚುತ್ತಾರೆ. ಯಾವುದಾದರೊಂದು ಅರ್ಧವನ್ನು ದಾಟುವವರೆಗೆ ಹೀಗೆಯೇ ನಡೆಯುತ್ತದೆ. ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದಲ್ಲಿ ಮತ ಹಾಕಿದ ತಮಗೆ ಇದನ್ನು ನಾನು ವಿವರಿಸುವುದು ಅಧಿಕಪ್ರಸಂಗ. ಒಂದೇ ಬಗೆಯ ಎಣಿಕೆ, ಹೆಚ್ಚುಕಡಿಮೆ ಒಂದೇ ಅಭಿರುಚಿಯ ಮತದಾರರು. ಆದ್ದರಿಂದ ಅಲ್ಲಿ ಗೆದ್ದದ್ದು ಇಲ್ಲಿಯೂ ಗೆಲ್ಲುವ ಸಂಭವ ಹೆಚ್ಚು. ಇಷ್ಟನ್ನು ತಮ್ಮ ಪಕ್ಷಕ್ಕೆ ಬಿಟ್ಟುಕೊಟ್ಟಿದ್ದೇನೆ. ಇನ್ನು ಮುಂದೆ ಬಿಡುವುದಿಲ್ಲ.

ನನ್ನ ಮೂರು ಸರಿಯುತ್ತರಗಳನ್ನು ತಾವು ಗುರುತಿಸಿದ್ದೀರಿ, ಆದರೆ ಅವು ಹೇಗೆ ಸರಿಯಾದವು ಎಂಬುದನ್ನು ಗಮನಿಸಿದ ಹಾಗಿಲ್ಲ. ಅನಿಮೇಷನ್ ವಿಭಾಗದಲ್ಲಿ ಲಾಟ್ವಿಯಾದ ‘ಫ್ಲೋ’ ಗೆಲ್ಲುತ್ತದೆ ಎಂದು ನಾನು ಬರೆದದ್ದು ಅದರಲ್ಲಿ ಬೆಕ್ಕೊಂದು ಇದೆ, ಮತ್ತು ಅದು ಕೊನೆಯವರೆಗೆ ಒಂದೂ ಮಾತಾಡುವುದಿಲ್ಲ ಎಂಬ ಕಾರಣಕ್ಕಾಗಿ. ಮಾತಾಡದವರನ್ನು ಗೆಲ್ಲಿಸುವ ಅವಕಾಶ ನಮಗೆ ಪದೇ ಪದೇ ಸಿಗುವುದಿಲ್ಲ. ಆ ದೇಶಕ್ಕೆ ಬಂದ ಮೊದಲ ಆಸ್ಕರ್ ಅದೇ ಆಯಿತು. ‘ಎಮಿಲಿಯಾ ಪೆರೆಜ್’ ಚಿತ್ರಕ್ಕೆ 13 ನಾಮನಿರ್ದೇಶನಗಳಿದ್ದಾಗ, ಹದಿಮೂರು ಮನೆಯ ಆಮಂತ್ರಣ ಬಂದವನು ಎರಡೇ ಕಡೆ ಉಂಡಾನು ಎಂದಿದ್ದೆ, ಎರಡೇ ಬಂದವು. ಮೂರನೆಯದಾಗಿ, ಗೆದ್ದವರೊಬ್ಬರು ಭಾಷಣ ನಿಲ್ಲಿಸುವ ಬದಲು ವಾದ್ಯದವರನ್ನೇ ನಿಲ್ಲಿಸುತ್ತಾರೆ ಎಂದಿದ್ದೆ. ಅತ್ಯುತ್ತಮ ನಟನಾಗಿ ಗೆದ್ದ ಏಡ್ರಿಯನ್ ಬ್ರೋಡಿ ಸಂಗೀತವನ್ನು ನಿಲ್ಲಿಸಲು ಹೇಳಿ, ಒಟ್ಟು ಐದೂವರೆ ನಿಮಿಷಕ್ಕೂ ಹೆಚ್ಚು ಮಾತಾಡಿ, 1943ರಿಂದ ನಟಿ ಗ್ರಿಯರ್ ಗಾರ್ಸನ್ ಹೆಸರಿನಲ್ಲಿದ್ದ ದೀರ್ಘ ಭಾಷಣದ ದಾಖಲೆಯನ್ನು ಮುರಿದರು. ಧಾರವಾಡದಲ್ಲಿ ಪುಸ್ತಕ ಬಿಡುಗಡೆಯ ಸಮಾರಂಭಗಳಿಗೆ ಹೋಗುವವನಿಗೆ ಇದನ್ನು ಊಹಿಸುವುದಕ್ಕೆ ಹಾಲಿವುಡ್ ತಿಳಿದಿರಬೇಕಾಗಿಲ್ಲ.

ತಪ್ಪಿದ ಏಳರಲ್ಲಿಯೂ ನನಗೆ ನಾಚಿಕೆ ಇಲ್ಲ. ‘ಕಾನ್‌ಕ್ಲೇವ್’ ಅತ್ಯುತ್ತಮ ಚಿತ್ರವಾಗುತ್ತದೆ ಎಂದದ್ದು, ಆ ಚಿತ್ರದಲ್ಲಿರುವ ಪೋಪ್ ಆಯ್ಕೆಯಂತೆ ಬಾಗಿಲು ಮುಚ್ಚಿಕೊಂಡು ನಡೆಸುವ ಚುನಾವಣೆಯಷ್ಟು ರೋಚಕವಾದದ್ದು ನನ್ನ ಮಟ್ಟಿಗೆ ಬೇರಿಲ್ಲ ಎಂಬುದಕ್ಕಾಗಿ. ಅತ್ಯುತ್ತಮ ನಟಿಯಾಗಿ ಡೆಮಿ ಮೂರ್ ಗೆಲ್ಲುತ್ತಾರೆ ಎಂದದ್ದು ಅರವತ್ತು ದಾಟಿದವರ ಪಕ್ಷಪಾತದಿಂದ. ತಮ್ಮ ಲೆಕ್ಕದವರಲ್ಲಿಯೂ ಬಹಳ ಮಂದಿ, ಗೋಲ್ಡನ್ ಗ್ಲೋಬ್ ಮತ್ತು ನಟರ ಸಂಘದ ಪ್ರಶಸ್ತಿಗಳನ್ನು ಕೂಡಿಸಿ, ಅವರ ಹೆಸರನ್ನೇ ಹೇಳಿದ್ದರು. ಗೆದ್ದವರು ‘ಅನೋರಾ’ದ ಮೈಕಿ ಮ್ಯಾಡಿಸನ್. ಅವರ ತಪ್ಪಿಗೂ ನನ್ನ ತಪ್ಪಿಗೂ ಅಂಕ ಒಂದೇ ಆಗಿರಬಹುದು, ಮಾಸ್ತರರೇ. ಆದರೆ ಅವರ ತಪ್ಪಿನಿಂದ ಕೋಷ್ಟಕವೊಂದು ಸುಳ್ಳಾಯಿತೆಂದು ಮಾತ್ರ ತಿಳಿಯುತ್ತದೆ. ನನ್ನ ತಪ್ಪಿನಿಂದ ನಾನೆಂಥವನೆಂದು ತಿಳಿಯುತ್ತದೆ.

ಚಿತ್ರ ನೋಡದೆ ಭವಿಷ್ಯ ಹೇಳಿದೆ ಎಂಬ ಆರೋಪಕ್ಕೆ ಉತ್ತರವನ್ನು ಅಕಾಡೆಮಿಯೇ ಒದಗಿಸಿದೆ. 2026ರ ಸಮಾರಂಭದಿಂದ, ಒಂದು ವಿಭಾಗದಲ್ಲಿ ನಾಮನಿರ್ದೇಶನಗೊಂಡ ಎಲ್ಲ ಚಿತ್ರಗಳನ್ನೂ ನೋಡಿದ ಸದಸ್ಯರು ಮಾತ್ರ ಆ ವಿಭಾಗದ ಅಂತಿಮ ಸುತ್ತಿನಲ್ಲಿ ಮತ ಹಾಕಬಹುದೆಂದು ಅದು 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಅಂದರೆ ಅಲ್ಲಿಯವರೆಗೆ ಹೆಚ್ಚಿನ ವಿಭಾಗಗಳಲ್ಲಿ ಅಂಥ ಕಟ್ಟುನಿಟ್ಟು ಇರಲಿಲ್ಲ! ಸುಮಾರು 10 ಸಾವಿರ ಮತದಾರರು ನೋಡಿಯೋ ನೋಡದೆಯೋ ಪ್ರಶಸ್ತಿಯನ್ನೇ ಕೊಡಬಹುದಾಗಿದ್ದಾಗ, ಧಾರವಾಡದಲ್ಲಿ ಕುಳಿತವನೊಬ್ಬ ನೋಡದೆ ಬರೀ ಭವಿಷ್ಯ ನುಡಿದದ್ದು ಅಪರಾಧವೇ?

ಊಹೆಯು ಸಮಾರಂಭದ ಅಂಚಿನಲ್ಲಿ ನಡೆಯುವ ಹುಡುಗಾಟ ಎಂದು ತಾವು ತಿಳಿದಂತಿದೆ. ಚರಿತ್ರೆ ಹಾಗೆ ಹೇಳುವುದಿಲ್ಲ. 1929ರ ಮೇ 16ರಂದು ಹಾಲಿವುಡ್‌ನ ರೂಸ್‌ವೆಲ್ಟ್ ಹೋಟೆಲಿನಲ್ಲಿ ಮೊದಲ ಸಮಾರಂಭ ನಡೆದಾಗ, ಗೆದ್ದವರ ಹೆಸರುಗಳು ಮೂರು ತಿಂಗಳ ಮೊದಲೇ ಎಲ್ಲರಿಗೂ ತಿಳಿದಿದ್ದವು. ಪ್ರಶಸ್ತಿ ಕೊಡುವ ಕೆಲಸ ಹದಿನೈದು ನಿಮಿಷಕ್ಕೆ ಮುಗಿಯಿತು. ಊಹಿಸುವುದಕ್ಕೆ ಏನೂ ಇಲ್ಲದಿದ್ದರೆ ಪ್ರಶಸ್ತಿಯ ಆಯುಷ್ಯ ಅಷ್ಟೇ. ಮುಂದೆ ಹೆಸರುಗಳನ್ನು ಪತ್ರಿಕೆಗಳಿಗೆ ಮಾತ್ರ, ರಾತ್ರಿ ಹನ್ನೊಂದರವರೆಗೆ ಹೊರಬಿಡಬಾರದೆಂಬ ಕರಾರಿನ ಮೇಲೆ ಕೊಡತೊಡಗಿದರು. 1940ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ತನ್ನ ಸಂಜೆಯ ಆವೃತ್ತಿಯಲ್ಲಿಯೇ ಎಲ್ಲವನ್ನೂ ಅಚ್ಚು ಮಾಡಿಬಿಟ್ಟಿತು. ಔತಣಕ್ಕೆ ಹೊರಟವರು ದಾರಿಯಲ್ಲಿಯೇ ಫಲಿತಾಂಶವನ್ನು ಓದಿಕೊಳ್ಳುವಂತಾಯಿತು. ಮರುವರ್ಷದಿಂದ ಮೊಹರು ಮಾಡಿದ ಲಕೋಟೆ ಬಂದಿತು. ಆ ಲಕೋಟೆ ಹುಟ್ಟಿದ್ದು ಗೆದ್ದವರಿಗಾಗಿ ಅಲ್ಲ, ತಮ್ಮಂತೆ ನನ್ನಂತೆ ಹೊರಗೆ ಕುಳಿತು ಊಹಿಸುವವರಿಗಾಗಿ ಎಂಬುದು ನನ್ನ ದೃಢವಾದ ನಂಬಿಕೆ. ಈಗ ಲೆಕ್ಕದವರು ಆ ಲಕೋಟೆಯನ್ನು ಎರಡು ವಾರ ಮೊದಲೇ ಒಡೆದು ಓದಲು ಹೊರಟಿದ್ದಾರೆ, ಮತ್ತು ತಾವು ಅದಕ್ಕೆ ಎರಡು ಪುಟ ಕೊಡೆಂದು ನನ್ನನ್ನು ಕೇಳುತ್ತಿದ್ದೀರಿ.

ನನಗೆ ಭವಿಷ್ಯ ಹೇಳುವುದನ್ನು ಕಲಿಸಿದವರು ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರ ಅಂಗಡಿ ಇಟ್ಟಿದ್ದ ಒಬ್ಬ ಟೇಲರ್. ನಾವು ನಾಲ್ಕೈದು ಜನ ಗೆಳೆಯರು ಸಂಜೆ ಅಲ್ಲಿ ಸೇರುತ್ತಿದ್ದೆವು. ರಾಷ್ಟ್ರಪ್ರಶಸ್ತಿಯ ಹೊತ್ತಿಗೆ ಎಲ್ಲರೂ ಒಂದೊಂದು ಹೆಸರು ಹೇಳಬೇಕು, ಅವರು ಅದನ್ನು ಬಿಲ್ ಪುಸ್ತಕದ ರಟ್ಟಿನ ಮೇಲೆ ಬರೆದುಕೊಳ್ಳಬೇಕು. ನಾವು ಪತ್ರಿಕೆ ಓದಿ, ತೀರ್ಪುಗಾರರು ಯಾರೆಂದು ವಿಚಾರಿಸಿ, ಬಂಗಾಳಿ, ಮಲಯಾಳಂ ಹೆಸರುಗಳನ್ನು ಹೇಳುತ್ತಿದ್ದೆವು. ಅವರದು ಪ್ರತಿ ವರ್ಷವೂ ಒಂದೇ ಉತ್ತರ: “ಅಣ್ಣಾವ್ರಿಗೆ ಬರತೈತಿ.” ಅಣ್ಣಾವ್ರ ಚಿತ್ರ ಆ ವರ್ಷ ಬಂದಿರಲಿ ಬಿಡಲಿ, ಉತ್ತರ ಅದೇ. ನಾವು ನಗುತ್ತಿದ್ದೆವು, ಅವರು ಕಾಜ ಹೊಲಿಯುತ್ತಿದ್ದರು. ಕೊನೆಗೆ 1992ರ ಚಿತ್ರಗಳಿಗೆ ಪ್ರಶಸ್ತಿ ಪ್ರಕಟವಾದಾಗ ರಾಜಕುಮಾರರಿಗೆ ರಾಷ್ಟ್ರಪ್ರಶಸ್ತಿ ಬಂದೇಬಿಟ್ಟಿತು. ‘ಜೀವನ ಚೈತ್ರ’ದ ಅಭಿನಯಕ್ಕಲ್ಲ, ಅದರಲ್ಲಿ ‘ನಾದಮಯ’ ಹಾಡಿದ್ದಕ್ಕೆ, ಅತ್ಯುತ್ತಮ ಗಾಯಕನೆಂದು. ನಾಲ್ಕು ದಶಕ ನಟನಾಗಿ ಬಾಳಿದವರಿಗೆ ನಟನೆಯ ರಾಷ್ಟ್ರಪ್ರಶಸ್ತಿ ಬರಲೇ ಇಲ್ಲ. ಇದು ನಟನಿಗೆ ಬಂದದ್ದಲ್ಲ, ಆದ್ದರಿಂದ ಪಂದ್ಯ ಗೆದ್ದಂತಲ್ಲ ಎಂದು ನಾವು ತಕರಾರು ತೆಗೆದೆವು. ಅವರು ಸೂಜಿಯಿಂದ ಕಣ್ಣೆತ್ತದೆ, “ಬರತೈತಿ ಅಂತ ಹೇಳಿದ್ದೆ. ಯಾಕ ಬರತೈತಿ ಅಂತ ಹೇಳಿದ್ದೆನೇನು?” ಎಂದರು. ಮಿರ್ಚಿಯ ದುಡ್ಡನ್ನು ನಾವೇ ಕೊಟ್ಟೆವು.

ಇದು ಕಾರಣಿಕದ ಪರಂಪರೆ, ಮಾಸ್ತರರೇ. ಹಾವೇರಿ ಜಿಲ್ಲೆಯ ದೇವರಗುಡ್ಡದಲ್ಲಿ ಗೊರವಯ್ಯ ಬಿಲ್ಲನ್ನೇರಿ ಒಂದೇ ಸಾಲು ನುಡಿದು ಇಳಿದುಬಿಡುತ್ತಾನೆ. ಅದು ಮಳೆಗೋ, ಬೆಳೆಗೋ, ಸರ್ಕಾರಕ್ಕೋ ಎಂದು ಅರ್ಥ ಹಚ್ಚುವುದು ಕೇಳಿದವರ ಕೆಲಸ, ಮತ್ತು ಅದಕ್ಕೆ ಅವರ ಬಳಿ ಇಡೀ ವರ್ಷವಿರುತ್ತದೆ. ನಮ್ಮ ಟೇಲರ್ ಹೇಳಿದ್ದೂ ಅಂಥದೇ ಸಾಲು. ಅದರ ಹಿಂದೆ ಮಾಹಿತಿಯ ಲವಲೇಶವೂ ಇರಲಿಲ್ಲ. ಪ್ರೀತಿ ಮಾತ್ರ ಇತ್ತು.

ಲೆಕ್ಕವೇ ಬೇಕೆನ್ನುವುದಾದರೆ ತಮ್ಮ ಊರಿನದೇ ಒಂದು ಸಮಸ್ಯೆ ಕೊಡುತ್ತೇನೆ, ಬಿಡಿಸಿ. ಸಂಗೀತದ ಗುರುವನ್ನು ಹುಡುಕಿ ಹನ್ನೊಂದನೆಯ ವಯಸ್ಸಿನಲ್ಲಿ ಗದಗಿನ ಮನೆ ಬಿಟ್ಟು ಹೋದ ಹುಡುಗನೊಬ್ಬ, ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಕಲಿತು, ಅರವತ್ತು ದಾಟಿದ ಮೇಲೆ ಅಮೋಲ್ ಪಾಲೇಕರರ ‘ಅನಕಹೀ’ ಎಂಬ ಹಿಂದಿ ಚಿತ್ರದಲ್ಲಿ ಹಾಡಿ, ಅತ್ಯುತ್ತಮ ಹಿನ್ನೆಲೆ ಗಾಯಕನ ರಾಷ್ಟ್ರಪ್ರಶಸ್ತಿಯನ್ನು ಪಡೆಯುವ ಸಂಭವ ಎಷ್ಟು? ಭೀಮಸೇನ ಜೋಶಿಯವರಿಗೆ ಆ ಪ್ರಶಸ್ತಿ ಬರುತ್ತದೆಂದು ಯಾವ ಸಂಘದ ಯಾವ ಮುನ್ಸೂಚನೆಯನ್ನು ಕೂಡಿಸಿದರೆ ಹೊರಡುತ್ತಿತ್ತು? 1978ರ ಚಿತ್ರಗಳ ಸಾಲಿನಲ್ಲಿ ‘ಕಾಡು ಕುದುರೆ’ಯ ಹಾಡಿಗಾಗಿ ಶಿವಮೊಗ್ಗ ಸುಬ್ಬಣ್ಣನವರಿಗೆ ಬಂದದ್ದೂ ಅಂಥ ಲೆಕ್ಕಕ್ಕೆ ಸಿಕ್ಕುತ್ತಿರಲಿಲ್ಲ.

ನಮ್ಮಲ್ಲಿ ಊಹೆಗೆ ಜಾಗವೇ ಇಲ್ಲವಾಗಿದೆ ಎಂಬುದು ನನ್ನ ಹಳೆಯ ಗೋಳು. ರಾಷ್ಟ್ರಪ್ರಶಸ್ತಿಗೆ ಮೊದಲು ನಾಮನಿರ್ದೇಶನದ ಪಟ್ಟಿ ಪ್ರಕಟವಾಗುವುದಿಲ್ಲ. ದಿಲ್ಲಿಯ ಪತ್ರಿಕಾಗೋಷ್ಠಿಯೊಂದರಲ್ಲಿ ಹೆಸರುಗಳನ್ನು ಓದುತ್ತಾರೆ, ಸಮಾರಂಭದ ದಿನ ಉಳಿದಿರುವುದು ಫೋಟೋ ಮಾತ್ರ. ರಾಜ್ಯ ಪ್ರಶಸ್ತಿಯ ಕಥೆ ಇನ್ನೂ ವಿಚಿತ್ರವಾದದ್ದು. 2019ರ ಚಿತ್ರಗಳಿಗೆ ಪ್ರಶಸ್ತಿ ಪ್ರಕಟವಾದದ್ದು 2025ರ ಜನವರಿಯಲ್ಲಿ. ಅತ್ಯುತ್ತಮ ನಟನೆಂದು ಆಯ್ಕೆಯಾದ ಸುದೀಪ್ ಅದು ತಮಗೆ ಬೇಡವೆಂದರು. ಐದು ವರ್ಷಗಳ ಹಿಂದಿನ ಸಿನಿಮಾಕ್ಕೆ ಭವಿಷ್ಯ ಹೇಳುವುದು ಹೇಗೆ? ಅದು ಜ್ಯೋತಿಷಿಗೆ ಒಪ್ಪಿಸುವ ಕೆಲಸವಲ್ಲ, ಶಾಸನ ಓದುವವರಿಗೆ ಒಪ್ಪಿಸತಕ್ಕದ್ದು. ಖಾಸಗಿ ಸಮಾರಂಭಗಳಲ್ಲಂತೂ ಗೆದ್ದವರಿಗೆ ಮೊದಲೇ ಫೋನ್ ಹೋಗಿರುತ್ತದೆ. ಅಂಥದೊಂದಕ್ಕೆ ನಾನು ಒಮ್ಮೆ ಹೋಗಿದ್ದಾಗ, ಮುಂದಿನ ಸಾಲಿನಲ್ಲಿ ಯಾರು ಬಂದಿದ್ದಾರೆಂದು ನೋಡಿಯೇ ನನ್ನ ಪಕ್ಕದಲ್ಲಿದ್ದ ಹಿರಿಯರು ಎಲ್ಲ ಹೆಸರುಗಳನ್ನೂ ಹೇಳಿಬಿಟ್ಟರು. ಹತ್ತಕ್ಕೆ ಹತ್ತು. ತಾವು ಅವರಿಗೆ ನೂರು ಅಂಕ ಕೊಡುತ್ತಿದ್ದಿರಿ. ನಾನು ಮಧ್ಯದಲ್ಲಿಯೇ ಎದ್ದು ಬಂದೆ.

ಮೊನ್ನೆ ನನ್ನ ಅಕ್ಕನ ಮಗ ಸಿನಿಮಾ ನೋಡಿ ಮನೆಗೆ ಬಂದ. ಹೇಗಿತ್ತು ಎಂದು ಕೇಳಿದೆ. ಅವನು ಕಿಸೆಯಿಂದ ಮೊಬೈಲ್ ತೆಗೆದು, ಬೆರಳಾಡಿಸಿ, “ಏಳೂವರೆ ಐತಿ ಮಾಮಾ” ಎಂದ. ಎರಡೂವರೆ ತಾಸು ಕುಳಿತು ತಾನೇ ನೋಡಿದ ಚಿತ್ರ! ಕಾಣದವರು ಕೊಟ್ಟ ಅಂಕವನ್ನು ನೋಡದೆ ತನಗೆ ಹಿಡಿಸಿತೋ ಇಲ್ಲವೋ ಎಂದು ಹೇಳಲು ಅವನಿಗೆ ಧೈರ್ಯ ಬರಲಿಲ್ಲ. ಈ ಹುಡುಗನ ಮುಂದೆ ನಮ್ಮ ಟೇಲರರ ಬಿಲ್ ಪುಸ್ತಕವನ್ನು ಇಡಬೇಕೆನಿಸಿತು. ಲೆಕ್ಕದ ಭವಿಷ್ಯವನ್ನು ನಾನು ಅಚ್ಚು ಮಾಡುವುದಿಲ್ಲ ಎನ್ನುವುದು ಅಹಂಕಾರದಿಂದಲ್ಲ. ಅದು ಎಲ್ಲಿ ಬೇಕಾದರೂ ಸಿಗುತ್ತದೆ ಮತ್ತು ಎಲ್ಲೆಲ್ಲಿಯೂ ಒಂದೇ ತೆರನಾಗಿರುತ್ತದೆ. ಗದಗಿನ ಒಬ್ಬ ಗಣಿತದ ಮಾಸ್ತರರಿಗೆ ಯಾವ ನಟಿ ಗೆಲ್ಲಬೇಕು ಎನಿಸಿತ್ತು ಎಂಬುದು ಮಾತ್ರ ನಮ್ಮ ಪತ್ರಿಕೆಯಲ್ಲಲ್ಲದೆ ಬೇರೆಲ್ಲಿಯೂ ಸಿಗಲಾರದು. ಆದರೆ ಇಷ್ಟು ದೊಡ್ಡ ಪತ್ರದಲ್ಲಿ ತಾವು ಅದನ್ನೇ ಬರೆದಿಲ್ಲ.

ಮುಂದಿನ ಸಮಾರಂಭವೂ ಮಾರ್ಚ್‌ನಲ್ಲಿಯೇ. ನಮ್ಮಲ್ಲಿ ಆಗ ಮರುದಿನದ ಬೆಳಗು. ಫೆಬ್ರುವರಿ ಮುಗಿಯುವುದರೊಳಗೆ ತಮ್ಮ ಹತ್ತು ಹೆಸರುಗಳನ್ನು ಅಂಚೆ ಕಾರ್ಡಿನಲ್ಲಿ ಬರೆದು ಕಳಿಸಬೇಕು. ಕೂಡಿಸಿ ಕಳೆದದ್ದಲ್ಲ, ಮನಸ್ಸಿಗೆ ಬಂದದ್ದು. ನನ್ನವುಗಳ ಪಕ್ಕದಲ್ಲಿಯೇ ಅಚ್ಚು ಮಾಡುತ್ತೇನೆ. ಸೋತವರು ಗೆದ್ದವರಿಗೆ ಗಿರ್ಮಿಟ್ಟು ಮತ್ತು ಮಿರ್ಚಿ ಕೊಡಿಸತಕ್ಕದ್ದು, ಚಹಾದ ಲೆಕ್ಕ ಬೇರೆ. ಈ ಸಲದ ಮೂವತ್ತಕ್ಕೆ ಐದು ಗ್ರೇಸ್ ಅಂಕಗಳನ್ನು ದಯಪಾಲಿಸಬೇಕೆಂಬ ಅರ್ಜಿಯನ್ನೂ ಈ ಉತ್ತರದೊಂದಿಗೆ ಸಲ್ಲಿಸುತ್ತಿದ್ದೇನೆ.

— ಸಂ.