ಹೊಸ ಮೇಲ್ ಬಂದಿದೆ ಅಂತ ಹೇಳಬೇಕಾದ ತಂತ್ರಾಂಶ ತಡವಾಗಿ ಹೇಳುವುದೇಕೆ?

ನೀವು ಕೇಳಿರುವುದು ಇಷ್ಟು. ಲ್ಯಾಪ್‌ಟಾಪ್‌ನಲ್ಲಿ ಹೊಸ ಮೇಲ್ ಬಂದರೆ ತಿಳಿಸುವ ಸಣ್ಣದೊಂದು ನೋಟಿಫೈಯರ್ ಹಾಕಿಕೊಂಡಿದ್ದೀರಿ. ಫೋನಿಗೆ ಮೇಲ್ ಬಂದು ಎಂಟು ಹತ್ತು ನಿಮಿಷ ಆದ ಮೇಲೆ ಇದು ಕೂಗುತ್ತದೆ. ಕೆಲವು ಮೇಲ್‌ಗಳಿಗೆ ಕೂಗುವುದೇ ಇಲ್ಲ. ಒಂದು ದಿನ ಓದಿ ಮುಗಿಸಿದ ಹಳೆಯ ಮೇಲ್‌ಗಳಿಗೆಲ್ಲ ಸಾಲಾಗಿ ಕೂಗಿಬಿಟ್ಟಿತು. ಇದನ್ನು ಕಿತ್ತುಹಾಕಿ ಬೇರೆಯದು ಹಾಕಿಕೊಳ್ಳಲಾ ಅನ್ನುವುದು ಪ್ರಶ್ನೆ.

ಸದ್ಯಕ್ಕೆ ಕೀಳಬೇಡಿ. ನಾನೂ ಹೀಗೇ ಬೇಸತ್ತು ನಾಲ್ಕು ನೋಟಿಫೈಯರ್ ಬದಲಾಯಿಸಿದವನು. ಐದನೆಯದರಲ್ಲೂ ಅದೇ ಕಾಟ ಶುರುವಾದಾಗ ಬುದ್ಧಿ ಬಂತು. ಕೂಗುವ ಕೆಲಸವನ್ನು ಎಲ್ಲವೂ ಚೆನ್ನಾಗಿಯೇ ಮಾಡುತ್ತವೆ. ಮೇಲ್ ಬಂತಾ ಅಂತ ಸರ್ವರನ್ನು ಕೇಳುವ ರೀತಿಯಲ್ಲೇ ಎಡವಟ್ಟು ಇರುವುದು.

ಈ ಜಾತಿಯ ತಂತ್ರಾಂಶಕ್ಕೆ ವಯಸ್ಸೇನೂ ಕಡಿಮೆಯಲ್ಲ. 1980ರ ಹೊತ್ತಿಗೇ ಬರ್ಕ್ಲಿ ವಿಶ್ವವಿದ್ಯಾಲಯದ ಯೂನಿಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಬಿಫ್ ಅನ್ನುವ ಪ್ರೋಗ್ರಾಮ್ ಇತ್ತು. 'ಬಿಫ್ ವೈ' ಅಂತ ಟೈಪ್ ಮಾಡಿಟ್ಟರೆ ಸಾಕು, ಮೇಲ್ ಬಂದ ಕೂಡಲೇ ಬೀಪ್ ಅಂದು ಅದರ ಮೊದಲ ನಾಲ್ಕಾರು ಸಾಲನ್ನು ಪರದೆ ಮೇಲೆ ಚೆಲ್ಲುತ್ತಿತ್ತು. 'ಬಿಫ್ ಎನ್' ಅಂದರೆ ಸುಮ್ಮನಾಗುತ್ತಿತ್ತು. ಬಿಫ್ ಅಂದರೆ ಅಲ್ಲಿನ ವಿದ್ಯಾರ್ಥಿನಿಯೊಬ್ಬರ ನಾಯಿಯ ಹೆಸರು. ಅಂಚೆಯವನು ಬಂದಾಗೆಲ್ಲ ಬೊಗಳುತ್ತಿತ್ತಂತೆ, ಅದಕ್ಕೇ ಆ ಹೆಸರಂತೆ ಅಂತ ಬಹಳ ಕಾಲ ಕಥೆ ಓಡಾಡಿತು. ಪ್ರೋಗ್ರಾಮ್ ಬರೆದವರೇ ಅದು ಸುಳ್ಳು ಅಂದಿದ್ದಾರೆ. ಪಾಪ, ಒಳ್ಳೆಯ ಕಥೆ.

ಬಿಫ್‌ಗೆ ಒಂದು ಅನುಕೂಲ ಇತ್ತು. ಮೇಲ್ ಬಂದು ಬೀಳುತ್ತಿದ್ದದ್ದು ಅದೇ ಯಂತ್ರದ ಡಿಸ್ಕಿಗೆ. ಮೇಲ್ ತಂದು ಹಾಕುವ ಪ್ರೋಗ್ರಾಮೇ 'ಬಂತು ನೋಡು' ಅಂತ ಸನ್ನೆ ಕೊಡುತ್ತಿತ್ತು. ಇವತ್ತು ಪೆಟ್ಟಿಗೆ ಎಲ್ಲೋ ದೂರದ ಸರ್ವರ್‌ನಲ್ಲಿದೆ. ನಾಯಿ ಮನೆಯೊಳಗೆ, ಗೇಟು ಊರಾಚೆ. ಗೇಟಿನ ಸುದ್ದಿ ನಾಯಿಗೆ ತಲುಪಿಸಲು ಇರುವುದು ಎರಡು ದಾರಿ.

ಮೊದಲನೆಯದು, ಇಷ್ಟಿಷ್ಟು ನಿಮಿಷಕ್ಕೊಮ್ಮೆ ಹೋಗಿ ಕೇಳುವುದು. ಸರ್ವರ್‌ನಿಂದ ಮೇಲ್ ಇಳಿಸಿಕೊಳ್ಳುವ ಹಳೆಯ ಪದ್ಧತಿಯಾದ ಪಾಪ್‌ನಲ್ಲಿ ಇದೊಂದೇ ಗತಿ. ಥಂಡರ್‌ಬರ್ಡ್ ಅನ್ನುವ ಮೇಲ್ ತಂತ್ರಾಂಶದಲ್ಲಿ ಹೊಸ ಖಾತೆ ಸೇರಿಸಿದರೆ ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ ಅಂತ ತಾನೇ ತುಂಬಿಕೊಂಡಿರುತ್ತದೆ. ನಿಮ್ಮ 'ಎಂಟು ಹತ್ತು ನಿಮಿಷ' ಓದಿದಾಗ ನನಗೆ ಮೊದಲು ನೆನಪಾದದ್ದು ಇದೇ. ಅವಧಿಯನ್ನು 1 ನಿಮಿಷಕ್ಕೆ ಇಳಿಸಬಹುದು. ಆದರೆ ತೀರಾ ಜಾಸ್ತಿ ಸಲ ಲಾಗಿನ್ ಆಗುತ್ತಿದ್ದರೆ ಕೆಲವು ಸರ್ವರ್‌ಗಳು ಸ್ವಲ್ಪ ಹೊತ್ತು ಬಾಗಿಲು ಹಾಕಿಬಿಡುತ್ತವೆ.

ಎರಡನೆಯದು ಐಮ್ಯಾಪ್‌ನ, ಅಂದರೆ ಮೇಲನ್ನು ಸರ್ವರ್‌ನಲ್ಲೇ ಇಟ್ಟು ನೋಡುವ ಪದ್ಧತಿಯ, ಐಡಲ್ ಆದೇಶ. 1997ರಲ್ಲಿ ಬಂದ ಆರ್‌ಎಫ್‌ಸಿ 2177 ಅನ್ನುವ ಇಂಟರ್ನೆಟ್ ನಿಯಮಗಳ ದಾಖಲೆಯಲ್ಲಿ ಇದರ ವಿವರ ಇದೆ. ಎರಡೇ ಪುಟದಷ್ಟು ವಿಷಯ, ನನಗೆ ಬಹಳ ಇಷ್ಟ. ನೋಟಿಫೈಯರ್ ಲಾಗಿನ್ ಆಗಿ ಇನ್‌ಬಾಕ್ಸ್ ತೆರೆದು 'ಐಡಲ್' ಅನ್ನುತ್ತದೆ. ಸರ್ವರ್ 'ಸರಿ, ಕಾಯ್ತಿರು' ಅನ್ನುತ್ತದೆ. ಆಮೇಲೆ ಇಬ್ಬರೂ ಮೌನ. ಫೋನ್ ಕಟ್ ಮಾಡದೆ ಪಕ್ಕದಲ್ಲಿಟ್ಟು ಕೂತ ಹಾಗೆ. ಇನ್‌ಬಾಕ್ಸ್‌ನಲ್ಲಿ 212 ಮೇಲ್ ಇದ್ದು ಇನ್ನೊಂದು ಬಂದರೆ ಸರ್ವರ್ ಒಂದೇ ಸಾಲು ಕಳಿಸುತ್ತದೆ: '213 ಎಕ್ಸಿಸ್ಟ್ಸ್'. ಯಾರು ಕಳಿಸಿದರು, ಏನು ವಿಷಯ, ಯಾವುದೂ ಇಲ್ಲ. ಈಗ 213 ಇವೆ, ಅಷ್ಟೇ. ನೋಟಿಫೈಯರ್ 'ಡನ್' ಅಂದು ಎದ್ದು, ಆ 213ನೆಯದರ ಹೆಸರು, ವಿಷಯ ತರಿಸಿಕೊಂಡು ನಿಮ್ಮ ಪರದೆಯ ಮೂಲೆಯಲ್ಲಿ ಗುಳ್ಳೆ ಎಬ್ಬಿಸುತ್ತದೆ. ಮತ್ತೆ 'ಐಡಲ್' ಅಂದು ಕೂರುತ್ತದೆ. ಇದೆಲ್ಲ ಒಂದೆರಡು ಸೆಕೆಂಡಿನ ಕೆಲಸ.

ಹಾಗಾಗಿ ಮೊದಲು ಸೆಟ್ಟಿಂಗ್‌ನಲ್ಲಿ ಖಾತೆ ಪಾಪ್‌ನಲ್ಲಿದೆಯೋ ಐಮ್ಯಾಪ್‌ನಲ್ಲಿದೆಯೋ ನೋಡಿ. ಪಾಪ್ ಆಗಿದ್ದರೆ ಐಮ್ಯಾಪ್‌ಗೆ ಬದಲಾಯಿಸಿ. ಹಳೆಯ ಮೇಲ್‌ಗಳಿಗೆಲ್ಲ ಕೂಗಿದ ಕಥೆಯಿಂದ ನನಗೆ ಪಾಪ್ ಮೇಲೇ ಅನುಮಾನ. ಆ ಪದ್ಧತಿಯಲ್ಲಿ ಓದಿದ್ದು, ಓದದ್ದು ಅನ್ನುವ ಗುರುತು ಸರ್ವರ್‌ನಲ್ಲಿ ಇರುವುದಿಲ್ಲ. ಯಾವ ಮೇಲ್ ನೋಡಿಯಾಗಿದೆ ಅಂತ ನೋಟಿಫೈಯರ್ ತಾನೇ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಆ ಪಟ್ಟಿಯ ಫೈಲ್ ಅಳಿಸಿ ಹೋದರೆ ಅದಕ್ಕೆ ಇಡೀ ಪೆಟ್ಟಿಗೆಯೇ ಹೊಸದು.

ಐಡಲ್‌ನಲ್ಲೂ ಒಂದು ಕಳ್ಳ ತೊಂದರೆ ಇದೆ. ನನ್ನನ್ನು ತಿಂಗಳುಗಟ್ಟಲೆ ಕಾಡಿದ್ದು ಇದೇ. ಬೆಳಿಗ್ಗೆ ಎಲ್ಲ ಸರಿ ಇರುತ್ತಿತ್ತು. ಲ್ಯಾಪ್‌ಟಾಪ್ ಮುಚ್ಚಿ, ಊಟ ಮುಗಿಸಿ ಬಂದು ತೆರೆದರೆ ಆಮೇಲೆ ಗುಳ್ಳೆಯೇ ಇಲ್ಲ. ಐಕಾನ್ ಮಾತ್ರ ಹಸಿರಾಗಿ ನಗುತ್ತಿತ್ತು. ನಡೆದದ್ದು ಏನೆಂದರೆ, ಯಂತ್ರ ಮಲಗಿದ್ದಾಗ ಸಂಪರ್ಕ ಆ ಕಡೆ ಕಡಿದು ಹೋಗಿದೆ, ಈ ಕಡೆಗೆ ಯಾರೂ ಹೇಳಿಲ್ಲ. ಎದ್ದ ಮೇಲೂ ನೋಟಿಫೈಯರ್ ಸತ್ತ ಲೈನನ್ನು ಕಿವಿಗೆ ಹಿಡಿದು ಕೂತಿದೆ. ಯಂತ್ರ ಮಲಗದಿದ್ದರೂ ಹೀಗಾಗಬಹುದು. ಬಹಳ ಹೊತ್ತು ಮಾತೇ ಇಲ್ಲದ ಸಂಪರ್ಕವನ್ನು ಎಷ್ಟೋ ರೂಟರ್‌ಗಳು ಸದ್ದಿಲ್ಲದೆ ಮರೆತುಬಿಡುತ್ತವೆ. 29 ನಿಮಿಷಕ್ಕೊಮ್ಮೆಯಾದರೂ ಐಡಲ್ ಬಿಟ್ಟು ಮತ್ತೆ ಹಿಡಿಯಬೇಕು ಅಂತ ಆ ಆರ್‌ಎಫ್‌ಸಿ ದಾಖಲೆಯಲ್ಲೇ ಸಲಹೆ ಇದೆ, ಯಾಕೆಂದರೆ ಸರ್ವರ್‌ಗಳು 30 ನಿಮಿಷ ಸುಮ್ಮನಿದ್ದವರನ್ನು ಹೊರಗೆ ಹಾಕಬಹುದು. ಆದರೆ ರೂಟರ್‌ಗೆ ಅಷ್ಟು ತಾಳ್ಮೆ ಇರಬೇಕಲ್ಲ!

ನನ್ನ ಉಪಾಯ ಸರಳ. ಐಡಲ್ ಇರಲಿ, ಜೊತೆಗೆ 10 ನಿಮಿಷಕ್ಕೊಮ್ಮೆ ಕೇಳುವುದೂ ಇರಲಿ. ಥಂಡರ್‌ಬರ್ಡ್‌ನಲ್ಲಿ ಸರ್ವರ್ ಸೆಟ್ಟಿಂಗ್ ಪುಟದಲ್ಲೇ ಎರಡಕ್ಕೂ ಟಿಕ್ ಹಾಕಬಹುದು. ಲೈನ್ ಸತ್ತಿದ್ದರೆ ಹತ್ತು ನಿಮಿಷದೊಳಗೆ ಬಣ್ಣ ಬಯಲಾಗುತ್ತದೆ. ಐಡಲ್ ನವೀಕರಿಸುವ ಅವಧಿ ಬದಲಾಯಿಸಲು ನಿಮ್ಮ ನೋಟಿಫೈಯರ್ ಬಿಟ್ಟರೆ ಅದನ್ನು 5 ನಿಮಿಷಕ್ಕೆ ಇಳಿಸಿ ನೋಡಿ.

ತಡ ಆಗುತ್ತಿರುವುದು ನೋಟಿಫೈಯರ್‌ನಲ್ಲೋ ದಾರಿಯಲ್ಲೋ ಅಂತ ತಿಳಿಯುವುದೂ ಸುಲಭ. ಬೇರೊಂದು ಖಾತೆಯಿಂದ ನಿಮಗೇ ಒಂದು ಮೇಲ್ ಕಳಿಸಿ, ಗುಳ್ಳೆ ಬಂದ ಸಮಯ ಬರೆದಿಟ್ಟುಕೊಳ್ಳಿ. ಆಮೇಲೆ ಆ ಮೇಲ್‌ನ ಮೂಲ ರೂಪ ತೆರೆಯಿರಿ. ಜಿಮೇಲ್‌ನಲ್ಲಾದರೆ ಮೂರು ಚುಕ್ಕಿಯ ಮೆನುವಿನಲ್ಲಿ ಸಿಗುತ್ತದೆ, ಎಷ್ಟು ಸೆಕೆಂಡಿಗೆ ತಲುಪಿತು ಅಂತಲೂ ಅಲ್ಲೇ ಬರೆದಿರುತ್ತದೆ. ಬೇರೆ ಕಡೆ, ತೀರಾ ಮೇಲಿರುವ 'ರಿಸೀವ್ಡ್' ಸಾಲಿನ ಸಮಯ ನೋಡಿ. ನಿಮ್ಮ ಸರ್ವರ್ ಕೈಗೆ ಮೇಲ್ ಸಿಕ್ಕ ಗಳಿಗೆ ಅದು. ಅಲ್ಲಿ 4:02 ಇದ್ದು ಗುಳ್ಳೆ 4:11ಕ್ಕೆ ಬಂದಿದ್ದರೆ ತಪ್ಪು ನೋಟಿಫೈಯರ್‌ದು. ಎರಡೂ 4:11 ಆಗಿದ್ದರೆ ಅದನ್ನು ಬೈದು ಪ್ರಯೋಜನ ಇಲ್ಲ. ಕೆಲವು ಸರ್ವರ್‌ಗಳು ಪರಿಚಯವಿಲ್ಲದವರ ಮೇಲನ್ನು ಮೊದಲ ಸಲ 'ಆಮೇಲೆ ಬಾ' ಅಂತ ವಾಪಸ್ ಕಳಿಸುತ್ತವೆ. ಸ್ಪ್ಯಾಮ್ ಕಳಿಸುವವರು ಹೆಚ್ಚಾಗಿ ಎರಡನೇ ಸಲ ಬರುವುದಿಲ್ಲ ಅನ್ನುವ ಲೆಕ್ಕ ಅದು.

ಇನ್ನು ಕೆಲವು ಮೇಲ್‌ಗೆ ಕೂಗುವುದೇ ಇಲ್ಲ ಅಂದಿರಲ್ಲ, ಅವು ಯಾವ ಫೋಲ್ಡರ್‌ಗೆ ಹೋಗಿವೆ ನೋಡಿದ್ದೀರಾ? ಐಡಲ್ ಒಂದು ಸಂಪರ್ಕದಲ್ಲಿ ಒಂದೇ ಫೋಲ್ಡರ್ ಕಾಯುತ್ತದೆ. ಸಾಮಾನ್ಯವಾಗಿ ಅದು ಇನ್‌ಬಾಕ್ಸ್. ನೀವು ಯಾವಾಗಲೋ ಮಾಡಿಟ್ಟ ರೂಲ್ (ಇಂಥ ಮೇಲ್ ಇಂಥ ಫೋಲ್ಡರ್‌ಗೆ ಅನ್ನುವ ಸೂಚನೆ) ಬಂದ ಮೇಲನ್ನು ಸರ್ವರ್‌ನಲ್ಲೇ ಎತ್ತಿ 'ಕಚೇರಿ' ಫೋಲ್ಡರ್‌ಗೆ ಹಾಕಿದ್ದರೆ ಇನ್‌ಬಾಕ್ಸ್ ಕಾಯುವವನಿಗೆ ಅದು ಬಂದದ್ದೇ ಗೊತ್ತಾಗುವುದಿಲ್ಲ. ಪ್ರತಿ ಫೋಲ್ಡರ್‌ಗೂ ಬೇರೆ ಸಂಪರ್ಕ ತೆರೆಯಬಹುದು, ಆದರೆ ಅದಕ್ಕೂ ಮಿತಿ ಇದೆ. ಜಿಮೇಲ್ ಒಂದು ಖಾತೆಗೆ ಒಟ್ಟಿಗೆ 15 ಐಮ್ಯಾಪ್ ಸಂಪರ್ಕ ಮಾತ್ರ ಬಿಡುತ್ತದೆ, ಫೋನು, ಟ್ಯಾಬ್ಲೆಟ್ ಎಲ್ಲ ಸೇರಿ.

ಇದನ್ನು ಬಹಳ ಜನ ಕೊರತೆ ಅನ್ನುತ್ತಾರೆ. ನನಗೆ ಇದೇ ವರ ಆಯಿತು. ನಾನು ರೂಲ್‌ಗಳನ್ನು ತಿರುಗಿಸಿ ಹಾಕಿದೆ. ಜಾಹೀರಾತು, ಸುದ್ದಿಪತ್ರ, 'ನಿಮ್ಮ ಪಾರ್ಸೆಲ್ ಹೊರಟಿದೆ' ಎಲ್ಲವನ್ನೂ ಸರ್ವರ್‌ನಲ್ಲೇ ಬೇರೆ ಫೋಲ್ಡರ್‌ಗೆ ತಳ್ಳಿದೆ. ಗುರುತು ಸುಲಭ: ಇಂಥ ಮೇಲ್‌ಗಳ ತಲೆಬರಹದಲ್ಲಿ (ಮೂಲ ರೂಪದಲ್ಲಿ ಮಾತ್ರ ಪೂರ್ತಿ ಕಾಣುವ ಮೇಲಿನ ಸಾಲುಗಳಲ್ಲಿ) ಸಾಮಾನ್ಯವಾಗಿ 'ಲಿಸ್ಟ್-ಅನ್‌ಸಬ್‌ಸ್ಕ್ರೈಬ್' ಅನ್ನುವ ಸಾಲು ಇರುತ್ತದೆ. ರೂಲ್‌ನಲ್ಲಿ ತಲೆಬರಹ ಹುಡುಕಲು ನಿಮ್ಮ ಸೇವೆ ಬಿಡದಿದ್ದರೆ 'ಅನ್‌ಸಬ್‌ಸ್ಕ್ರೈಬ್' ಪದ ಇರುವ ಮೇಲ್ ಅಂತ ಕೊಟ್ಟರೂ ಮುಕ್ಕಾಲು ಕೆಲಸ ಆಗುತ್ತದೆ. ಈಗ ಇನ್‌ಬಾಕ್ಸ್‌ಗೆ ಬೀಳುವುದು ಮನುಷ್ಯರು ಬರೆದದ್ದು ಮಾತ್ರ. ನೋಟಿಫೈಯರ್‌ಗೆ ಯಾವ ಬುದ್ಧಿಯೂ ಕಲಿಸಬೇಕಾಗಿಲ್ಲ.

ಇನ್ನೊಂದು ಮಾತು, ಸ್ವಂತ ಅವಮಾನದಿಂದ ಕಲಿತದ್ದು. ಗುಳ್ಳೆಯಲ್ಲಿ ಮೇಲ್‌ನ ವಿಷಯ, ಮೊದಲ ಸಾಲು ತೋರಿಸುವುದನ್ನು ಆಫ್ ಮಾಡಿ. ಒಮ್ಮೆ ಮೀಟಿಂಗ್‌ನಲ್ಲಿ ನನ್ನ ಪರದೆ ಹಂಚಿಕೊಂಡು ಲೆಕ್ಕದ ಹಾಳೆ ತೋರಿಸುತ್ತಿದ್ದೆ. ಬಲ ಮೂಲೆಯಲ್ಲಿ ಗುಳ್ಳೆ ಎದ್ದಿತು: 'ನಿಮ್ಮ ಸಂದರ್ಶನ ಗುರುವಾರಕ್ಕೆ ಗೊತ್ತಾಗಿದೆ'. ನಮ್ಮ ಮ್ಯಾನೇಜರ್ ಏನೂ ಅನ್ನಲಿಲ್ಲ. 'ಮುಂದಿನ ಕಾಲಮ್ ತೋರಿಸಿ' ಅಂದರು, ಅಷ್ಟೇ. ಆ ಗುಳ್ಳೆ ಐದು ಸೆಕೆಂಡ್ ಇದ್ದಿರಬಹುದು. ನನಗೆ ಇನ್ನೂ ಇದೆ. ಈಗ ನನ್ನದರಲ್ಲಿ ಕಳಿಸಿದವರ ಹೆಸರು ಮಾತ್ರ ಬರುತ್ತದೆ.

ಪಾಸ್‌ವರ್ಡ್ ವಿಷಯ ಚುಟುಕಾಗಿ. ಯಾರು ಬರೆದದ್ದು ಅಂತ ಗೊತ್ತಿಲ್ಲದ ನೋಟಿಫೈಯರ್‌ಗೆ ನಿಮ್ಮ ಮುಖ್ಯ ಪಾಸ್‌ವರ್ಡ್ ಕೊಡಬೇಡಿ. ಬ್ರೌಸರ್ ತೆರೆದು ಅಲ್ಲೇ ಒಪ್ಪಿಗೆ ಕೇಳುವಂಥದ್ದು ಒಳ್ಳೆಯದು. ಅದಿಲ್ಲದಿದ್ದರೆ ಆಪ್ ಪಾಸ್‌ವರ್ಡ್, ಅಂದರೆ ಆ ಒಂದು ತಂತ್ರಾಂಶಕ್ಕೆಂದೇ ಬೇರೆ ಪಾಸ್‌ವರ್ಡ್, ಮಾಡಿಕೊಳ್ಳಿ. ಗೂಗಲ್‌ನಲ್ಲಿ ಅದು 16 ಅಕ್ಷರದ್ದು, ಎರಡು ಹಂತದ ಲಾಗಿನ್ ಹಾಕಿಕೊಂಡಿದ್ದರೆ ಮಾತ್ರ ಸಿಗುತ್ತದೆ. ಬೇಡ ಅನ್ನಿಸಿದ ದಿನ ಅದೊಂದನ್ನೇ ಅಳಿಸಿದರೆ ಆಯಿತು.

ಬೇರೆಯದು ಹಾಕಲಾ ಅಂದಿರಲ್ಲ, ಐಮ್ಯಾಪ್‌ಗೆ ಬದಲಾಯಿಸಲು ಹೋದಾಗ ನಿಮ್ಮದರಲ್ಲಿ ಆ ಆಯ್ಕೆಯೇ ಇಲ್ಲ ಅಂತ ಗೊತ್ತಾದರೆ ಆಗ ಧಾರಾಳವಾಗಿ ಕೀಳಿ. ನಾನಂತೂ ಆ ಐದನೆಯದರಲ್ಲೇ ಇದ್ದೇನೆ. ನಿನ್ನೆ ಇಡೀ ದಿನಕ್ಕೆ ಮೂರು ಸಲ ಕೂಗಿತು. ಅದರಲ್ಲಿ ಒಂದು, ರೂಲ್‌ನಿಂದ ತಪ್ಪಿಸಿಕೊಂಡು ಬಂದ ಜಾಹೀರಾತು.