ಬಾಯಲ್ಲಿ ಎಲ್ಲ ಬರುತ್ತದೆ, ಪುಸ್ತಕ ಮಾತ್ರ ಆಗುವುದಿಲ್ಲ

ಪ್ರಶ್ನೆ: ಮಗ ನಾಲ್ಕನೇ ತರಗತಿ, ಕನ್ನಡ ಮಾಧ್ಯಮ. ಮನೆಯಲ್ಲಿ ತುಳು. ಯಕ್ಷಗಾನದ ಮಾತು ಒಮ್ಮೆ ಕೇಳಿದರೆ ಹಾಗೇ ಹೇಳುತ್ತಾನೆ. ಪುಸ್ತಕ ತೆರೆದರೆ ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಾನೆ. ತಪ್ಪಾದ ಪದ ಹತ್ತು ಸಲ ಬರೆಸುತ್ತೇವೆ, ಮರುದಿನ ಮತ್ತದೇ ತಪ್ಪು. ಉದಾಸೀನ ಅನ್ನುತ್ತಾರೆ ಟ್ಯೂಷನ್ನಿನವರು. ಇಂಗ್ಲಿಷ್ ಮೀಡಿಯಂಗೆ ಹಾಕಲೇ?
– ಒಬ್ಬ ತಾಯಿ, ಬದಿಯಡ್ಕ

ಉತ್ತರ: ಮೊದಲು ಆ ಹತ್ತು ಸಲದ ಶಿಕ್ಷೆ ನಿಲ್ಲಿಸಿ. ಕೇಳಿದ್ದನ್ನು ಇಷ್ಟು ಚೆನ್ನಾಗಿ ಹೇಳುವ ಹುಡುಗ ದಡ್ಡನಲ್ಲ. ಅಕ್ಷರವನ್ನು ಸದ್ದಿಗೆ ಜೋಡಿಸುವಲ್ಲೇ ಅವನಿಗೆ ತೊಡಕಿರಬಹುದು, ಡಿಸ್ಲೆಕ್ಸಿಯಾ ಅನ್ನುವುದು ಇದಕ್ಕೇ. ಆದರೆ ಪತ್ರ ಓದಿ ಹಾಗೆ ತೀರ್ಮಾನಿಸಲು ಬರುವುದಿಲ್ಲ. ಕಣ್ಣು, ಕಿವಿ ಒಮ್ಮೆ ತೋರಿಸಿ. ಬರೀ ಕನ್ನಡಕ ಬೇಕಿದ್ದ ಮಕ್ಕಳೂ ಬೈಸಿಕೊಳ್ಳುತ್ತಾರೆ.

ಇಂಗ್ಲಿಷ್ ಮೀಡಿಯಂ ಬೇಡ. ಕನ್ನಡದಲ್ಲಿ ಬರೆದ ಹಾಗೇ ಓದುವುದು ಜಾಸ್ತಿ, ಅಲ್ಲಿ ‘ಬಟ್’, ‘ಪುಟ್’ ಎರಡಕ್ಕೂ ನಡುವೆ ಅದೇ ಯು. ಇಲ್ಲಿ ತೊಡಕುವವನಿಗೆ ಅಲ್ಲಿ ಸುಲಭವಾಗುವುದು ಹೇಗೆ?

ಕ್ಲಾಸ್ ಟೀಚರ್ ಮೂಲಕ ಬಿ.ಆರ್.ಸಿ.ಯ (ಬ್ಲಾಕ್ ಮಟ್ಟದ ಸಂಪನ್ಮೂಲ ಕೇಂದ್ರದ) ಸ್ಪೆಷಲ್ ಟೀಚರನ್ನು ಕಾಣಿ. ಸರಕಾರದ ಸಮಗ್ರ ಶಿಕ್ಷಾ ಯೋಜನೆಯ ಕೆಳಗೆ ಇಂಥ ಮಕ್ಕಳಿಗೆಂದೇ ಇರುವವರು ಅವರು. ತೊಡಕು ಏನೆಂದು ಪರೀಕ್ಷಿಸಲು ಕರೆದರೆ ಮಗನ ನೋಟ್‌ಬುಕ್ ಒಯ್ಯಿರಿ, ಅವನು ಕಲಿಯುವುದು ಕನ್ನಡದಲ್ಲಿ ಎಂದು ಗಟ್ಟಿಯಾಗಿ ಹೇಳಿ. ಕೇರಳದ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ, ಮಲಯಾಳದಲ್ಲಿ ಓದಿಸಿ ಅಂಕ ಹಾಕಿದರೆ ಯಾವ ಕನ್ನಡದ ಮಗುವೂ ಹಿಂದೆಯೇ ಕಾಣುತ್ತದೆ.

ಕಲಿಕೆಯ ತೊಂದರೆ ಇದೆ ಎಂದು ಸರ್ಟಿಫಿಕೇಟ್ ಆದರೆ ಹುಡುಗನಿಗೆ ಹೆಸರು ಬೀಳುತ್ತದೆ ಎಂದು ನೆಂಟರು ಹೆದರಿಸಿಯಾರು. ಕೇಳಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾನೂನಿನಲ್ಲಿ ಕಲಿಕೆಯ ತೊಂದರೆಯೂ ಸೇರಿದೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಇವೆಲ್ಲ ಅದರ 17ನೇ ಕಲಮಿನಲ್ಲಿವೆ. ಕನ್ನಡ, ಮಲಯಾಳ, ಇಂಗ್ಲಿಷ್, ಮುಂದಿನ ವರ್ಷ ಹಿಂದಿ ಎಂದು ನಾಲ್ಕು ಲಿಪಿ ಹೊರುವ ನಮ್ಮ ಮಕ್ಕಳಿಗೆ ಆ ಕೊನೆಯ ಮಾತು ಎಷ್ಟು ದೊಡ್ಡದು ಅಲ್ವಾ? ಇಲ್ಲಿ ಯಾವ ತರಗತಿಯಲ್ಲಿ ಯಾವುದು ಸಿಗುತ್ತದೆ ಎಂದು ಶಾಲೆಯಲ್ಲಿ ಕೇಳಿಕೊಳ್ಳಿ.

ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಸಾಕು. ಅಕ್ಷರ ಒಂದು ಬಣ್ಣ, ಒತ್ತು ಇನ್ನೊಂದು ಬಣ್ಣ ಮಾಡಿ ಚೀಟಿ ಬರೆದು ಜೋಡಿಸಲಿ. ‘ಅಕ್ಕ’, ‘ಹಳ್ಳ’ದಂಥ ಒಂದೇ ಅಕ್ಷರದ ಒತ್ತು ಮೊದಲು, ‘ಶಾಸ್ತ್ರ’ ಆಮೇಲೆ.

ಪ್ರಶ್ನೆ: ಎಲ್.ಪಿ. (ಕೆಳ ಪ್ರಾಥಮಿಕ) ಶಾಲೆಯ ಟೀಚರ್ ನಾನು. ಓದಲು ತೊಡಕುವ ಒಬ್ಬನಿಗೇ ಗಮನ ಕೊಟ್ಟರೆ ಉಳಿದವರು ಏನು ಮಾಡಬೇಕು?
– ಮಂಜೇಶ್ವರ

ಉತ್ತರ: ಟೀಚರೇ, ಬೇರೆ ಪಾಠ ಬೇಡ. ಎಲ್ಲರೆದುರು ಥಟ್ಟನೆ ನಿಲ್ಲಿಸಿ ಓದಿಸಬೇಡಿ. ಬೋರ್ಡಿನದ್ದು ಪೂರ್ತಿ ನಕಲು ಮಾಡಲೇಬೇಕು ಎನ್ನಬೇಡಿ. ಪ್ರಶ್ನೆ ನೀವೇ ಓದಿ ಹೇಳಿ, ಉತ್ತರ ಬಾಯಲ್ಲಿ ಕೊಡಲಿ, ಗೊತ್ತಿದೆಯೋ ಇಲ್ಲವೋ ಆಗ ತಿಳಿಯುತ್ತದೆ. ಇದರಿಂದ ಉಳಿದವರಿಗೆ ನಷ್ಟವೇನೂ ಇಲ್ಲ, ಹಿಂದಿನ ಬೆಂಚಿನ ಇನ್ನಿಬ್ಬರೂ ಬಾಯಿ ಬಿಟ್ಟಾರು.