ಕೊಕ್ಕೆ ನೆಲದಲ್ಲೇ ಹಾಕಬೇಕು

ತಮ್ಮಾ,

ಆಫೀಸಿನವರು ನವೆಂಬರಿನಲ್ಲಿ ಜಿಂಕೆ ಬೇಟೆಗೆ ಕರೆದಿದ್ದಾರೆ, ಮರದ ಮೇಲೆ ಕೂರಬೇಕಂತೆ, ಬೀಳದಂತೆ ಹಾಕುವ ಆ ಬೆಲ್ಟು ನಿಜಕ್ಕೂ ಬೇಕಾ, ಲೈಸೆನ್ಸಿಗೆ ಏನು ಮಾಡಲಿ, ಚಳಿಗೆ ಏನು ಹಾಕಲಿ ಅಂತ ಕೇಳಿದ್ದೀಯ. ವಿಸ್ಕಾನ್ಸಿನ್‌ಗೆ ಬಂದ ಹೊಸತರಲ್ಲಿ ನನಗೂ ಇದೇ ಕರೆ ಬಂದಿತ್ತು. 'ಅಡಿಕೆ ತೋಟದವನಿಗೆ ಬೆಲ್ಟು ಯಾಕೆ' ಅಂದಿದ್ದೆ. ನೆನೆದರೆ ಈಗಲೂ ನಾಚಿಕೆ.

ಲೈಸೆನ್ಸಿನ ಮಾತು ಬೇಗ ಮುಗಿಸುತ್ತೇನೆ. 1973ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗೆ ಇಲ್ಲಿ ಹಂಟರ್ ಎಜುಕೇಶನ್ ಸರ್ಟಿಫಿಕೇಟ್ ಬೇಕು. ನೀನು ಎಚ್‌1ಬಿಯಲ್ಲಿದ್ದೀಯ, ಹಂಟಿಂಗ್ ಲೈಸೆನ್ಸ್ ಕೈಗೆ ಬರುವ ತನಕ ಗೆಳೆಯನ ಬಂದೂಕನ್ನೂ ಮುಟ್ಟಬೇಡ. ಇಂಥ ವೀಸಾದವರು ಬಂದೂಕು ಇಟ್ಟುಕೊಳ್ಳಬಾರದು ಅನ್ನುವ ಫೆಡರಲ್ ಕಾನೂನಿನಿಂದ ವಿನಾಯಿತಿ ಸಿಗುವುದು ಆ ಲೈಸೆನ್ಸಿನಿಂದಲೇ. ಬಟ್ಟೆ ಪದರಪದರವಾಗಿ ಹಾಕು; ಸೊಂಟದ ಮೇಲಿನ ಹೊರಬಟ್ಟೆಯಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಕಣ್ಣು ಕುಕ್ಕುವ ಕಿತ್ತಳೆ ಅಥವಾ ಗುಲಾಬಿ ಇರಲಿ.

ಇನ್ನು ಬೆಲ್ಟು. ಅದನ್ನು ಬೆಲ್ಟು ಅನ್ನುವುದೇ ತಪ್ಪು. ಸೊಂಟಕ್ಕೋ ಎದೆಗೋ ಸುತ್ತುವ ಒಂಟಿ ಪಟ್ಟಿಯನ್ನು ಯಾರಾದರೂ ಕೊಟ್ಟರೆ ವಾಪಸು ಕೊಡು. ಬಿದ್ದಾಗ ಅದು ಮೇಲೆ ಜಾರಿ ಪಕ್ಕೆಲುಬು ಒತ್ತಿ ಉಸಿರು ಕಟ್ಟಿಸುತ್ತದೆ, ಇಲ್ಲವೇ ಮನುಷ್ಯನನ್ನೇ ತಲೆಕೆಳಗು ಮಾಡುತ್ತದೆ. ನಿನಗೆ ಬೇಕಾದ್ದು ಹೆಗಲು, ಎದೆ, ಎರಡೂ ತೊಡೆ ಹಿಡಿಯುವ ಪೂರ್ತಿ ಹಾರ್ನೆಸ್. ಸಾಮಾನ್ಯವಾಗಿ 300 ಪೌಂಡಿನ ತನಕ ಅಂತ ಬರೆದಿರುತ್ತದೆ. ಅದು ಬಟ್ಟೆ, ಬೂಟು, ಚೀಲ ಎಲ್ಲ ಸೇರಿದ ಲೆಕ್ಕ. ತೊಡೆಯ ಪಟ್ಟಿಯೊಳಗೆ ಅಂಗೈ ಹೋಗಬೇಕು, ಮುಷ್ಟಿ ಹೋಗಬಾರದು. ತೆಳು ಅಂಗಿಯ ಮೇಲೆ ಅಳತೆ ಮಾಡಿಕೊಂಡವರು ನವೆಂಬರಿನ ಜಾಕೆಟ್ ಮೇಲೆ ಬಕಲ್ ಹಾಕಲಾಗದೆ ಹಾಗೇ ಬಿಟ್ಟುಬಿಡುತ್ತಾರೆ.

ನಾನು ಹೇಳಬೇಕಾದ ಮುಖ್ಯ ವಿಷಯ ಬೇರೆ ಇದೆ. ಹಾರ್ನೆಸ್ ಹಾಕಿದವರೂ ಬೀಳುತ್ತಾರೆ, ಯಾಕೆಂದರೆ ಅದನ್ನು ಮರಕ್ಕೆ ಸೇರಿಸುವ ಕೊಕ್ಕೆಯನ್ನು ಮೇಲೆ ಹೋಗಿ ಕೂತ ಮೇಲೆ ಹಾಕುತ್ತಾರೆ. ಕೂತವನು ಬೀಳುವುದು ಕಡಿಮೆ. ಹತ್ತುವಾಗ, ಇಳಿಯುವಾಗ, ಏಣಿಯಿಂದ ಸ್ಟ್ಯಾಂಡಿಗೆ, ಅಂದರೆ ಮರಕ್ಕೆ ಕಟ್ಟಿದ ಕೂರುವ ಅಟ್ಟಣಿಗೆಗೆ, ಕಾಲು ಬದಲಿಸುವ ಆ ಒಂದು ಹೆಜ್ಜೆಯಲ್ಲಿ ಬೀಳುವುದು ಹೆಚ್ಚು. ಬೆಳಗಿನ ಕತ್ತಲು, ಮೆಟ್ಟಿಲ ಮೇಲೆ ಇಬ್ಬನಿ ಗಟ್ಟಿ, ಬೂಟಿಗೆ ಕೆಸರು. ಮೂರು ಸೀಸನ್ ನಾನೂ ಮೇಲೆ ಹೋಗಿಯೇ ಕೊಕ್ಕೆ ಹಾಕಿದವನು. ಬೀಳಲಿಲ್ಲ ಅನ್ನುವುದು ಜಾಣತನವಲ್ಲ.

ಅದಕ್ಕೇ ಲೈಫ್‌ಲೈನ್ ಕಟ್ಟು. 30 ಅಡಿಯ ಹಗ್ಗ ಅಂತ ಸಿಗುತ್ತದೆ. ಒಂದು ತುದಿ ಸ್ಟ್ಯಾಂಡಿಗಿಂತ ಮೇಲೆ ಕಾಂಡಕ್ಕೆ ಬಿಗಿ, ಇನ್ನೊಂದು ತುದಿ ಬುಡಕ್ಕೆ. ಬುಡದಲ್ಲಿ ಕಟ್ಟದಿದ್ದರೆ ಹಗ್ಗವೂ ಜೊತೆಗೇ ಮೇಲೆ ಬರುತ್ತದೆ, ಗಂಟು ಸರಿಸಲು ಎರಡೂ ಕೈ ಬೇಕಾಗುತ್ತದೆ. ಹಗ್ಗದ ಮೇಲೆ ಪ್ರೂಸಿಕ್ ಗಂಟು ಇರುತ್ತದೆ, ಕೈಯಲ್ಲಿ ಸರಿಸಿದರೆ ಸರಿಯುತ್ತದೆ, ಭಾರ ಬಿದ್ದರೆ ಬಿಗಿಯುತ್ತದೆ; ಅದಕ್ಕೆ ಕ್ಯಾರಬೀನರ್, ಅಂದರೆ ಬಾಯಿ ಮುಚ್ಚಿಕೊಳ್ಳುವ ಲೋಹದ ಕೊಕ್ಕೆ. ನೆಲದ ಮೇಲೆ ನಿಂತೇ ಹಾರ್ನೆಸ್‌ನ ಬೆನ್ನಿನಿಂದ ಬರುವ ಪಟ್ಟಿಯನ್ನು, ಅಂದರೆ ಟೆದರನ್ನು, ಅದಕ್ಕೆ ಸಿಕ್ಕಿಸು, ಗಂಟು ತಲೆಗಿಂತ ಮೇಲೆ ಇರುವಂತೆ ಸರಿಸುತ್ತ ಹತ್ತು. ಸರಿಸಿದ ಕೂಡಲೇ ಗಂಟಿನಿಂದ ಕೈ ತೆಗೆ; ಜಾರಿದಾಗ ಅದನ್ನು ಹಿಡಿದಿದ್ದರೆ ಬಿಗಿಯುವ ಬದಲು ನಿನ್ನ ಜೊತೆ ಕೆಳಗೆ ಬರಬಹುದು. ಸ್ಟ್ಯಾಂಡ್ ಕಟ್ಟುವ ದಿನ, ಹಗ್ಗ ಇನ್ನೂ ಇಲ್ಲದಾಗ, ಸೊಂಟದ ಎರಡು ಬದಿಯಿಂದ ಮರ ಸುತ್ತಿ ಬರುವ ಲೈನ್‌ಮನ್ ಬೆಲ್ಟ್ ಬಳಸು. ಅದು ಎರಡೂ ಕೈ ಖಾಲಿ ಮಾಡಿಕೊಡುತ್ತದೆ, ಬಿದ್ದವನನ್ನು ತಡೆಯಲು ಮಾಡಿದ್ದಲ್ಲ.

ಕೂತಾಗ ಟೆದರ್ ಹೆಚ್ಚುಕಡಿಮೆ ಬಿಗಿಯಾಗಿರಬೇಕು. ಸಡಿಲ ಬಿಟ್ಟರೆ ಬೀಳುವ ದೂರ ಹೆಚ್ಚು, ಜಗ್ಗು ಜೋರು, ನೇತಾಡುತ್ತ ಸ್ಟ್ಯಾಂಡ್ ಕೈಗೆ ಎಟಕುವುದೂ ಇಲ್ಲ. ನೇತಾಡುವುದೇ ಎರಡನೇ ಅಪಾಯ: ತೊಡೆಯ ಪಟ್ಟಿ ಒತ್ತಿ ರಕ್ತ ಕಾಲಲ್ಲೇ ನಿಲ್ಲುತ್ತದೆ, ನಿಮಿಷಗಳಲ್ಲಿ ಪ್ರಜ್ಞೆ ಹೋಗಬಹುದು. ಹಾರ್ನೆಸ್ ಜೊತೆ ಕೊಡುವ ಕಾಲಿನ ಕುಣಿಕೆಪಟ್ಟಿಯನ್ನು ಮನೆಯಲ್ಲೇ ಬಿಟ್ಟು ಬರಬೇಡ. ಅದರೊಳಗೆ ಪಾದ ಇಟ್ಟು ಎದ್ದು ನಿಲ್ಲಬೇಕು, ಕಾಲು ಆಡಿಸುತ್ತಿರಬೇಕು. ಫೋನು ಎದೆಯ ಜೇಬಿನಲ್ಲಿರಲಿ, ಚೀಲದಲ್ಲಲ್ಲ. ಯಾವ ಮರ, ಎಷ್ಟು ಹೊತ್ತಿಗೆ ಇಳಿಯುತ್ತೀಯ ಅಂತ ಒಬ್ಬರಿಗಾದರೂ ಹೇಳಿಹೋಗು.

ಬಂದೂಕು ಹೆಗಲಿಗೆ ಹಾಕಿ ಹತ್ತಬೇಡ. ಗುಂಡು ತೆಗೆದು, ನಳಿಗೆ ಕೆಳಗಿರುವಂತೆ ಹಗ್ಗಕ್ಕೆ ಕಟ್ಟಿ, ಕೂತು ಕೊಕ್ಕೆ ನೋಡಿಕೊಂಡ ಮೇಲೆ ಎಳೆದುಕೊ. ಮರ ಹಸಿರಾಗಿರಲಿ, ನೆಟ್ಟಗಿರಲಿ; ಆ್ಯಶ್ ಮರ ಬೇಡ. 2008ರಿಂದ ಇಲ್ಲಿ ಎಮರಾಲ್ಡ್ ಆ್ಯಶ್ ಬೋರರ್ ಹುಳ ಅವನ್ನು ಒಣಗಿಸುತ್ತಿದೆ, ಸತ್ತ ಆ್ಯಶ್ ಪಟಕ್ಕನೆ ಮುರಿಯುತ್ತದೆ. ಸೀಸನ್ ಮುಗಿದ ಮೇಲೆ ಪಟ್ಟಿಗಳನ್ನು ಬಿಚ್ಚಿ ತಾ. ಮರ ದಪ್ಪವಾಗುತ್ತ ಪಟ್ಟಿ ಹಿಗ್ಗುತ್ತದೆ, ಬಿಸಿಲಿಗೆ ಸೊರಗುತ್ತದೆ, ಅಳಿಲು ಕಡಿಯುತ್ತದೆ. ಹಾರ್ನೆಸ್‌ನ ತಯಾರಿ ತಾರೀಖು ಪಟ್ಟಿಯಲ್ಲೇ ಇರುತ್ತದೆ, ಸಾಮಾನ್ಯವಾಗಿ ಐದು ವರ್ಷ ಆಯುಸ್ಸು. ಒಮ್ಮೆ ಬಿದ್ದು ತಡೆದಿದ್ದರೆ ಹೊಸದಾಗಿದ್ದರೂ ಎಸೆ.

ಊರಲ್ಲಿ ಅಡಿಕೆ ಕೊಯ್ಯುವ ಕೊನೆಗಾರರು ಕಾಲಿಗೆ ತಳೆ, ಅಂದರೆ ಬಳೆಯಂಥ ಕುಣಿಕೆ, ಒಂದನ್ನೇ ಹಾಕಿ ಇದಕ್ಕಿಂತ ಎತ್ತರಕ್ಕೆ ಹತ್ತುತ್ತಿದ್ದರು. ಕೆಳಗೆ ನಿಂತು ಗೊನೆ ಎಣಿಸುತ್ತಿದ್ದ ನಮಗೆ ಅವರ ಸೊಂಟಕ್ಕೊಂದು ಹಗ್ಗ ಕೊಡಿಸಬೇಕು ಅನಿಸಲಿಲ್ಲ. ಇಲ್ಲಿ ಬಕಲ್ ಹಾಕುವಾಗಲೆಲ್ಲ ಅದು ನೆನಪಾಗುತ್ತದೆ.

ಶನಿವಾರ ಮನೆಗೆ ಬಾ. ಹಿತ್ತಿಲ ಮೇಪಲ್‌ಗೆ ಮೊಣಕಾಲೆತ್ತರದಲ್ಲಿ ಕಟ್ಟಿ ನಿನ್ನನ್ನು ನೇತುಹಾಕಿ ನೋಡೋಣ, ಕುಣಿಕೆಪಟ್ಟಿಗೆ ಕಾಲು ಸಿಗುತ್ತದಾ ಅಂತ. ದಪ್ಪ ಜಾಕೆಟ್ ಹಾಕಿಕೊಂಡೇ ಬಾ. ಅತ್ತಿಗೆ ತೆಳ್ಳೇವು ಮಾಡಿರ್ತಾಳೆ, ಆದರೆ ತಿನ್ನುವುದು ನೇತಾಡಿ ಆದ ಮೇಲೆ.